ನೀರು ಇಳಿದ ಮೇಲೆ



2015ರ ನವೆಂಬರ್ 29 ಆಗಮನ ಕಾಲದ ಮೊದಲನೆಯ ಭಾನುವಾರ. ಅಂದಿನ ಬಲಿಪೂಜೆಯಲ್ಲಿ ಓದಿದ ಶುಭಸಂದೇಶ ಸಂತ ಲೂಕರದು, ಇಪ್ಪತ್ತೊಂದನೆಯ ಅಧ್ಯಾಯ. ಕಡಲಿನ ಮೊರೆತ, ತೆರೆಗಳ ಅಬ್ಬರ ಕೇಳಿ ಜನರು ಕಂಗಾಲಾಗುವ ದಿನಗಳ ಬಗ್ಗೆ ಯೇಸುಸ್ವಾಮಿ ಅಲ್ಲಿ ಮಾತನಾಡುತ್ತಾರೆ. ಆಗ ಕುಗ್ಗದೆ ತಲೆಯೆತ್ತಿ ನಿಲ್ಲಬೇಕು, ಸದಾ ಎಚ್ಚರವಾಗಿರಬೇಕು ಎಂದೂ ಹೇಳುತ್ತಾರೆ. ನಮ್ಮ ಪಕ್ಕದ ಚೆನ್ನೈ ನಗರದ ಭಕ್ತಾದಿಗಳೂ ಅಂದು ಈ ವಾಕ್ಯವನ್ನು ಕೇಳಿ ಮನೆಗೆ ಹೋದರು. ಮೂರನೆಯ ದಿನ, ಡಿಸೆಂಬರ್ 1ರ ಮಂಗಳವಾರ, ನೀರು ಅವರ ಹೊಸಿಲಿಗೇ ಬಂದಿತು.

ಆ ವರ್ಷ ನವೆಂಬರ್ ತಿಂಗಳಲ್ಲೇ ಚೆನ್ನೈಯಲ್ಲಿ 1,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಿತ್ತು. ವಾಡಿಕೆಯ ಎರಡು ಪಟ್ಟಿಗಿಂತ ಹೆಚ್ಚು. ಕೆರೆಗಳೆಲ್ಲ ತುಂಬಿದ್ದವು, ನೆಲ ಇನ್ನು ಹೀರಲಾರದೆ ಕುಳಿತಿತ್ತು. ಅದರ ಮೇಲೆ ಡಿಸೆಂಬರ್ 1ರಂದು ತಾಂಬರಂನಲ್ಲಿ ಒಂದೇ ದಿನಕ್ಕೆ 49 ಸೆಂಟಿಮೀಟರ್ ಮಳೆ. ನಗರಕ್ಕೆ ಕುಡಿಯುವ ನೀರು ಕೊಡುವ ಚೆಂಬರಂಬಾಕ್ಕಂ ಕೆರೆಯಿಂದ ಅಡ್ಯಾರ್ ನದಿಗೆ ಬಿಟ್ಟ ನೀರಿನ ಪ್ರಮಾಣ ಆ ರಾತ್ರಿ 29,000 ಕ್ಯೂಸೆಕ್ಸ್ ಮುಟ್ಟಿತು. ಕೆಳಗಿನ ಹತ್ತಾರು ಸಣ್ಣ ಕೆರೆಗಳ ನೀರೂ ಅದರೊಂದಿಗೆ ಸೇರಿತು. ಮುಡಿಚೂರು, ಮಣಪಾಕ್ಕಂ, ಜಾಫರ್‌ಖಾನ್‌ಪೇಟೆ, ಸೈದಾಪೇಟೆ, ಕೋಟ್ಟೂರುಪುರಂ ಎಲ್ಲೆಲ್ಲೂ ನದಿ ಬೀದಿಗಳಲ್ಲಿ ಹರಿಯಿತು. ವಿಮಾನ ನಿಲ್ದಾಣ ಹಲವು ದಿನ ಮುಚ್ಚಿತು. 1878ರಲ್ಲಿ ಆರಂಭವಾದ 'ದಿ ಹಿಂದೂ' ಪತ್ರಿಕೆ ಮರುದಿನ ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ಆ ಮಳೆಗಾಲದಲ್ಲಿ ತಮಿಳುನಾಡಿನಾದ್ಯಂತ ಸತ್ತವರು 400ಕ್ಕೂ ಹೆಚ್ಚು ಮಂದಿ.

ಈ ಅಡ್ಯಾರ್ ನದಿ ನಮಗೆ ಪರಕೀಯವಲ್ಲ. ಪ್ರೇಷಿತ ಸಂತ ತೋಮಾಸರು ತಂಗಿದ್ದರೆಂದು ಪರಂಪರೆ ಹೇಳುವ ಚಿನ್ನಮಲೈ ಗುಡ್ಡ ಸೈದಾಪೇಟೆಯ ಬಳಿ ಇದೇ ನದಿಯ ಸಮೀಪವಿದೆ. ವೇಳಾಂಗಣ್ಣಿಗೆ ಹೋಗಿಬರುವ ದಾರಿಯಲ್ಲಿ ಸಂತೋಮ್ ಮಹಾದೇವಾಲಯಕ್ಕೂ ಚಿನ್ನಮಲೈಗೂ ಹೋಗಿ ಪ್ರಾರ್ಥಿಸಿದವರು ನಿಮ್ಮಲ್ಲೇ ಇರಬಹುದು. ಆ ನೆಲದ ಜನರು ಕಂಡ ನೆರೆಯಿಂದ ನಾವು ಕಲಿಯಬೇಕಾದದ್ದು ಬಹಳವಿದೆ.

ಪ್ರಿಯರೇ, ನಗರದ ನೆರೆ ಹೇಗೆ ಬರುತ್ತದೆಂದು ಒಮ್ಮೆ ಯೋಚಿಸಿ ನೋಡಿ. ನೀವು ಬಾಗಿಲು ಭದ್ರಪಡಿಸಿ, ಸಂದಿಗೆ ಗೋಣಿಚೀಲ ಒತ್ತಿರುತ್ತೀರಿ. ಆದರೆ ನೀರು ಬಚ್ಚಲಿನ ಕಿಂಡಿಯಿಂದ ಉಕ್ಕುತ್ತದೆ. ಕೊಳಚೆ ನೀರು, ಕಪ್ಪು ನೀರು. ಅಕ್ಕಿಯ ಮೂಟೆಯನ್ನು ಮಂಚದ ಮೇಲಿಡುತ್ತೀರಿ. ಗಳಿಗೆಯಲ್ಲಿ ಮಂಚವೇ ಮುಳುಗುತ್ತದೆ. ಫ್ರಿಜ್ಜು ಮಗುಚಿ ತೇಲುತ್ತದೆ. ಕರೆಂಟು ಹೋಗುತ್ತದೆ, ಫೋನು ಸದ್ದಡಗುತ್ತದೆ. ಮುದಿ ತಾಯಿಯನ್ನು ಹೊತ್ತುಕೊಂಡು ಮೆಟ್ಟಿಲೇರಬೇಕು. ಮಹಡಿ ಇಲ್ಲದವನು ಪಕ್ಕದವರ ಮಹಡಿಗೆ ಕೈಮುಗಿಯಬೇಕು. ಸುತ್ತ ಎಲ್ಲಿ ನೋಡಿದರೂ ನೀರು, ಕುಡಿಯಲು ಒಂದು ಲೋಟ ನೀರಿಲ್ಲ. ಕೊರಳ ಮಟ್ಟಕ್ಕೆ ನೀರೇರಿದವನ ಮೊರೆಯನ್ನು 69ನೆಯ ಕೀರ್ತನೆಯಲ್ಲಿ ನಾವು ಎಷ್ಟೋ ಸಲ ಒಣ ನೆಲದಲ್ಲಿ ನಿಂತು ಓದಿದ್ದೇವೆ. ಅಂದು ಆ ಜನರು ಅದನ್ನು ನೀರಿನಲ್ಲಿ ನಿಂತು ಓದಿದರು.

ಮನೆಬಿಟ್ಟು ಹೊರಡಲು ಐದೇ ನಿಮಿಷವಿದ್ದರೆ ನೀವು ಕೈಗೆ ಏನನ್ನು ಎತ್ತಿಕೊಳ್ಳುತ್ತೀರಿ? ಕಣಜಗಳನ್ನು ಒಡೆದು ಇನ್ನೂ ದೊಡ್ಡದಾಗಿ ಕಟ್ಟಲು ಹೊರಟ ಐಶ್ವರ್ಯವಂತನ ಸಾಮತಿಯನ್ನು ಯೇಸುಸ್ವಾಮಿ ಹೇಳಿದ್ದು ಇಂಥ ರಾತ್ರಿಗಾಗಿಯೇ. ಇಪ್ಪತ್ತು ವರ್ಷ ಕಂತು ಕಟ್ಟಿ ಕೂಡಿಸಿದ ಸಾಮಾನು ಒಂದು ರಾತ್ರಿಯಲ್ಲಿ ಕಸವಾಗುತ್ತದೆ. ಕೈಯಲ್ಲಿ ಉಳಿಯುವುದು ಒಂದು ಮಗು, ಒಂದು ಮುದಿಜೀವ, ರೇಷನ್ ಕಾರ್ಡು, ಔಷಧದ ಚೀಟಿ. ಇಷ್ಟು ದಿನ ಮಾತು ಬಿಟ್ಟಿದ್ದ ನೆರೆಯವನು ಮೇಲಿನ ಮೆಟ್ಟಿಲಿನಿಂದ ಚಾಚುವ ಕೈ ಆಗ ಬಂಗಾರಕ್ಕಿಂತ ದೊಡ್ಡದಾಗುತ್ತದೆ.

ಇಂಥ ಆಪತ್ತು ಬಂದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ಇದು ದೇವರ ಶಿಕ್ಷೆ. ಆ ಊರಿನವರು ಏನೋ ಪಾಪ ಮಾಡಿರಬೇಕು. ಪ್ರಿಯರೇ, ಈ ಮಾತನ್ನು ಆಡುವ ಮುನ್ನ ಸಂತ ಲೂಕರ ಶುಭಸಂದೇಶದ ಹದಿಮೂರನೆಯ ಅಧ್ಯಾಯವನ್ನು ತೆರೆದು ನೋಡಿ. ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳೇ? ಖಂಡಿತ ಅಲ್ಲ ಎನ್ನುತ್ತಾರೆ ಯೇಸುಸ್ವಾಮಿ. ಸತ್ತವರ ಪಾಪವನ್ನು ಎಣಿಸಬೇಡಿ, ಬದುಕಿರುವ ನೀವು ಮನಪರಿವರ್ತನೆ ಹೊಂದಿರಿ ಎಂಬುದೇ ಅವರ ಬೋಧನೆ. ನೋವನ ಕಾಲದ ಪ್ರಳಯದ ಕಥೆಯೂ ನೀರಿನಲ್ಲಿ ಮುಗಿಯುವುದಿಲ್ಲ. ಇನ್ನೆಂದೂ ಪ್ರಳಯದಿಂದ ಭೂಮಿಯನ್ನು ನಾಶಮಾಡುವುದಿಲ್ಲವೆಂದು ದೇವರು ಮಾಡಿದ ಒಡಂಬಡಿಕೆಯಲ್ಲಿ, ಮುಗಿಲಿನ ಕಾಮನಬಿಲ್ಲಿನಲ್ಲಿ ಮುಗಿಯುತ್ತದೆ. ಕೊಟ್ಟ ಮಾತಿಗೆ ತಪ್ಪುವ ದೇವರಲ್ಲ ನಮ್ಮ ದೇವರು. ಸೈದಾಪೇಟೆಯ ಗುಡಿಸಿಲಿನಲ್ಲಿದ್ದ ಬಡವಿಯನ್ನು ಮುಳುಗಿಸಿದ್ದು ದೇವರ ಕೋಪವಲ್ಲ.

ಹಾಗಾದರೆ ಪಾಪವೇ ಇಲ್ಲವೇ? ಇದೆ. ಆದರೆ ನಾವು ಹುಡುಕುವ ಕಡೆ ಇಲ್ಲ. ಚೆನ್ನೈಯ ದಕ್ಷಿಣಕ್ಕೆ ಪಳ್ಳಿಕರಣೈ ಎಂಬ ವಿಶಾಲವಾದ ಜವುಗುಭೂಮಿ ಇತ್ತು. ಸುತ್ತಲಿನ ಕೆರೆಗಳ ಹೆಚ್ಚುವರಿ ನೀರು ಅಲ್ಲಿ ತಂಗಿ, ನಿಧಾನವಾಗಿ ಕಡಲಿಗೆ ಹೋಗುತ್ತಿತ್ತು. ದೇವರು ಆ ನಗರಕ್ಕೆ ಕೊಟ್ಟ ಸ್ಪಂಜು ಅದು. ಕಸ ಸುರಿದು, ಮಣ್ಣು ತುಂಬಿ, ರಸ್ತೆ ಹಾಕಿ, ಕಚೇರಿಗಳನ್ನು ಕಟ್ಟಿ ಅದರ ಬಹುಪಾಲನ್ನು ನಾವು ತಿಂದುಹಾಕಿದೆವು. ನದಿಯ ಪಾತ್ರದಲ್ಲಿ ಮನೆಗಳೆದ್ದವು. ವಿಮಾನ ನಿಲ್ದಾಣದ ಒಂದು ರನ್‌ವೇ ನದಿಯ ಮೇಲೆಯೇ ಹಾದುಹೋಗುತ್ತದೆ. ನೀರು ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ. ಭಾರತದ ಮಹಾಲೇಖಪಾಲರ ವರದಿ 2018ರಲ್ಲಿ ವಿಧಾನಸಭೆಯ ಮುಂದೆ ಬಂದಾಗ, ಆ ನೆರೆಯನ್ನು ಮನುಷ್ಯರು ತಂದ ಅನಾಹುತವೆಂದೇ ಕರೆಯಿತು.

ಜಗದ್ಗುರು ಫ್ರಾನ್ಸಿಸ್‌ರವರು 'ಲೌದಾತೋ ಸೀ' ಎಂಬ ವಿಶ್ವಪರಿಪತ್ರವನ್ನು ಪ್ರಕಟಿಸಿದ್ದು ಅದೇ 2015ರ ಜೂನ್ ತಿಂಗಳಲ್ಲಿ, ನೆರೆಗೆ ಆರು ತಿಂಗಳ ಮೊದಲು. ಭೂಮಿಯ ಕೂಗು ಬೇರೆ, ಬಡವರ ಕೂಗು ಬೇರೆ ಅಲ್ಲ ಎಂಬುದು ಅದರ ತಿರುಳು. ಸೃಷ್ಟಿಗೆ ಬಗೆಯುವ ದ್ರೋಹವೂ ಪಾಪವೇ ಎಂದು ಅದು ನೆನಪಿಸುತ್ತದೆ. ಪಾಪನಿವೇದನೆಯಲ್ಲಿ ಸುಳ್ಳು ಹೇಳಿದೆ, ಕೋಪಗೊಂಡೆ ಎನ್ನುತ್ತೇವೆ. ಕೆರೆಯ ಅಂಗಳದಲ್ಲಿ ಸೈಟು ಕೊಂಡೆ, ಮೋರಿಗೆ ಕಸ ಸುರಿದೆ ಎಂದು ಯಾರಾದರೂ ನಿವೇದಿಸಿದ್ದೇವೆಯೇ?

ಆ ಕತ್ತಲಲ್ಲಿ ಬೆಳಕೂ ಇತ್ತು ಪ್ರಿಯರೇ. ಕಡಲತೀರದ ಮೀನುಗಾರರು ತಮ್ಮ ದೋಣಿಗಳನ್ನು ನಗರದ ಬೀದಿಗಳಿಗೆ ತಂದು ಜನರನ್ನು ಮಹಡಿಗಳಿಂದ ಇಳಿಸಿಕೊಂಡರು. ಪೇತ್ರರ ಕುಲಕಸುಬಿನವರು ಅಂದು ನಿಜವಾಗಿ ಮನುಷ್ಯರನ್ನು ಹಿಡಿಯುವ ಬೆಸ್ತರಾದರು. ಅದಕ್ಕೆ ಹನ್ನೊಂದು ವರ್ಷದ ಹಿಂದೆ, 2004ರ ಸುನಾಮಿಯಲ್ಲಿ, ಇದೇ ತೀರದ ಜನ ಎಲ್ಲವನ್ನೂ ಕಳೆದುಕೊಂಡಿದ್ದರು. ನೊಂದವರೇ ನೊಂದವರ ಬಳಿಗೆ ಮೊದಲು ಬಂದರು. ದೇವಾಲಯಗಳು, ಮಸೀದಿಗಳು, ದೇವಸ್ಥಾನಗಳು, ಶಾಲೆಗಳು ಬಾಗಿಲು ತೆರೆದವು. ಅನ್ನ ಬೇಯಿಸಿದವರು ಉಣ್ಣುವವನ ಜಾತಿ ಕೇಳಲಿಲ್ಲ. ನೀರಿಳಿದ ಮೇಲೆ ಮುಸ್ಲಿಂ ಯುವಕರು ಕೋಟ್ಟೂರುಪುರಂ, ಸೈದಾಪೇಟೆಗಳಲ್ಲಿ ಹಿಂದೂ ದೇವಸ್ಥಾನಗಳ ಕೆಸರನ್ನು ಬಳಿದರು.

ನೆರೆ ಬಂದ ಒಂದು ವಾರಕ್ಕೆ, ಡಿಸೆಂಬರ್ 8ರಂದು, ರೋಮಿನಲ್ಲಿ ಪವಿತ್ರ ದ್ವಾರವನ್ನು ತೆರೆದು ಜಗದ್ಗುರುಗಳು ಕರುಣೆಯ ಜುಬಿಲಿ ವರ್ಷವನ್ನು ಆರಂಭಿಸಿದರು. ಚೆನ್ನೈಯ ಬಡ ಬೀದಿಗಳಲ್ಲಿ ಕರುಣೆಯ ಬಾಗಿಲುಗಳು ಅಷ್ಟರಲ್ಲೇ ತೆರೆದಿದ್ದವು. ಹಸಿದಿದ್ದೆ, ಬಾಯಾರಿದ್ದೆ, ಪರದೇಶಿಯಾಗಿದ್ದೆ ಎಂದು ಅಂತಿಮ ತೀರ್ಪಿನ ದಿನ ಯೇಸುಸ್ವಾಮಿ ಹೇಳುವಾಗ ಆ ದೋಣಿಯವರಿಗೆ ಆಶ್ಚರ್ಯವಾದೀತು. ಪ್ರಭುವೇ, ನಿಮ್ಮನ್ನು ಯಾವಾಗ ಕಂಡೆವು ಎಂದು ಅವರು ಕೇಳಿಯಾರು.

ಆದರೆ ನಿಜವಾದ ಪರೀಕ್ಷೆ ನೀರು ಇಳಿದ ಮೇಲೆ ಆರಂಭವಾಗುತ್ತದೆ. ಮೊದಲ ವಾರ ಎಲ್ಲರೂ ಅನ್ನದ ಪೊಟ್ಟಣ ಹಂಚುತ್ತಾರೆ. ಮೂರನೆಯ ವಾರ ಯಾರು ಬರುತ್ತಾರೆ? ನೆರೆಯ ನಂತರ ಅಡ್ಯಾರ್ ದಡದ ಸಾವಿರಾರು ಬಡ ಕುಟುಂಬಗಳನ್ನು ಎಬ್ಬಿಸಿ, ಊರಾಚೆ ಪೆರುಂಬಾಕ್ಕಂ ಮೊದಲಾದ ಕಡೆಯ ಬಹುಮಹಡಿ ವಸತಿಗಳಿಗೆ ಕಳುಹಿಸಲಾಯಿತು. ಸುರಕ್ಷತೆಗಾಗಿ ಎಂದರು. ದಡದ ದೊಡ್ಡ ಕಟ್ಟಡಗಳು ಮಾತ್ರ ನಿಂತಲ್ಲೇ ನಿಂತವು. ಮನೆಗೆಲಸಕ್ಕೆ ಹೋಗುತ್ತಿದ್ದ ತಾಯಿಗೆ ಕೆಲಸದ ಮನೆ ದೂರವಾಯಿತು, ಮಕ್ಕಳಿಗೆ ವರ್ಷದ ಮಧ್ಯದಲ್ಲಿ ಶಾಲೆ ತಪ್ಪಿತು. ಅವರನ್ನು ಕಳುಹಿಸಿದ ಪೆರುಂಬಾಕ್ಕಂ ಇರುವುದು ಅದೇ ಪಳ್ಳಿಕರಣೈ ಜವುಗಿನ ಪಕ್ಕದಲ್ಲಿ! 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಆ ಭಾಗ ಮತ್ತೆ ನೀರಿನಲ್ಲಿ ನಿಂತಿತು. ಬಡವನನ್ನು ಕಣ್ಣಿಂದ ಮರೆಮಾಡಿದರೆ ಅವನ ಕಷ್ಟ ತೀರುವುದಿಲ್ಲ. ತಮ್ಮನೆಲ್ಲಿ ಎಂದು ಕಾಯಿನನನ್ನು ಕೇಳಿದ ದೇವರು ನಮ್ಮನ್ನೂ ಕೇಳುತ್ತಾರೆ. ಗಾಯಾಳುವಿನ ಗಾಯಕ್ಕೆ ಕಟ್ಟುಕಟ್ಟಿದ ಸಮಾರಿಯದವನು ಅಲ್ಲಿಗೇ ತನ್ನ ಹೊಣೆ ತೀರಿತು ಎನ್ನಲಿಲ್ಲ. ಛತ್ರದವನಿಗೆ ಹಣ ಕೊಟ್ಟ, ಹೆಚ್ಚಿಗೆ ಖರ್ಚಾದರೆ ಮರಳಿ ಬಂದಾಗ ತೀರಿಸುವೆನೆಂದ. ಮರಳಿ ಬರುವುದೇ ಕರುಣೆಯ ಗುರುತು.

ನಮ್ಮ ಬೆಂಗಳೂರಿನಲ್ಲಿ ದೊಡ್ಡ ನದಿಯಿಲ್ಲವೆಂದು ನೆಮ್ಮದಿಯಾಗಿರಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರಿನ ಆಸುಪಾಸಿನಲ್ಲಿ ಕಾರಿದ್ದವರೂ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಕಂಡಿದ್ದೀರಿ. ಅಲ್ಲಿಯೂ ಪಾಠ ಅದೇ: ಕೆರೆಗಳು ಹೋದವು, ರಾಜಕಾಲುವೆಗಳು ಕಿರಿದಾದವು.

ಆದ್ದರಿಂದ ಈ ವಾರ ಜಪಸರ ಮುಗಿಸಿ ಎದ್ದೇಳುವ ಮುನ್ನ ಕುಟುಂಬದವರೆಲ್ಲ ಕುಳಿತು ನಾಲ್ಕು ವಿಷಯ ಮಾತನಾಡಿರಿ. ಒಂದು, ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರು, ಹಾಸಿಗೆ ಹಿಡಿದವರು ಯಾರು? ಆಪತ್ತು ಬಂದರೆ ಅವರನ್ನು ಎತ್ತಿಕೊಳ್ಳುವವರು ಯಾರು? ಎರಡು, ನಾವು ಕೊಳ್ಳುವ ಜಾಗ ಹಿಂದೆ ಕೆರೆಯೋ ಕಾಲುವೆಯೋ ಆಗಿತ್ತೇ ಎಂದು ವಿಚಾರಿಸಿದ್ದೇವೆಯೇ? ಮೂರು, ನಮ್ಮ ಮನೆಯ ಪ್ಲಾಸ್ಟಿಕ್ ಚೀಲ ಯಾವ ಮೋರಿಯನ್ನು ಕಟ್ಟುತ್ತಿದೆ? ನಾಲ್ಕು, ನಮ್ಮ ಮನೆಗೆಲಸಕ್ಕೆ ಬರುವ ತಾಯಿಯ ಮನೆಯಲ್ಲಿ ಮಳೆ ಬಂದಾಗ ನೀರು ಎಲ್ಲಿಯವರೆಗೆ ಬರುತ್ತದೆಂದು ಎಂದಾದರೂ ಕೇಳಿದ್ದೇವೆಯೇ? ಈ ನಾಲ್ಕನೆಯ ಪ್ರಶ್ನೆಯನ್ನು ನಾಳೆಯೇ ಅವರ ಹತ್ತಿರ ಕೇಳಿ. ಎಚ್ಚರವಾಗಿರಿ ಎಂದು ಪ್ರಭು ಹೇಳಿದ್ದರ ಅರ್ಥ ಆಕಾಶವನ್ನು ನೋಡುತ್ತಾ ನಿಲ್ಲಿರಿ ಎಂದಲ್ಲ, ಪಕ್ಕದ ಮನೆಯನ್ನೂ ನೋಡಿರಿ ಎಂದು.

ಪ್ರಾರ್ಥಿಸೋಣ: ಬಿರುಗಾಳಿಯನ್ನು ಗದರಿಸಿ ಕಡಲನ್ನು ಶಾಂತಗೊಳಿಸಿದ ಪ್ರಭುವೇ, ಸ್ನಾನದೀಕ್ಷೆಯ ನೀರಿನಲ್ಲಿ ನಮಗೆ ಹೊಸ ಜನ್ಮವಿತ್ತವರು ನೀವು. ನೆರೆಯಲ್ಲಿ ಮಡಿದವರಿಗೆ ನಿತ್ಯಶಾಂತಿಯನ್ನು ಅನುಗ್ರಹಿಸಿರಿ. ಮನೆ ಕಳೆದುಕೊಂಡವರಿಗೆ ನೆರೆಹೊರೆಯವರ ಪ್ರೀತಿಯನ್ನು ಕೊಡಿರಿ. ನದಿಗಳನ್ನೂ ಕೆರೆಗಳನ್ನೂ ನಿಮ್ಮ ವರವೆಂದು ಕಾಯುವ ಮನಸ್ಸನ್ನು ನಮಗೆ ನೀಡಿರಿ. ನೀರು ಇಳಿದ ಮೇಲೆಯೂ ಬಡವರ ಬಳಿಗೆ ಮರಳಿ ಹೋಗುವ ಶಕ್ತಿಯನ್ನು ಕರುಣಿಸಿರಿ. ಆಮೆನ್.