ನೀಚತ್ವವೆಂದರೇನು?

ಆಂಗ್ಲ ಭಾಷೆಯ ‘ಟರ್ಪಿಟ್ಯೂಡ್’ ಎಂಬ ಶಬ್ದವು ಲ್ಯಾಟಿನ್ನಿನ ‘ಟರ್ಪಿಸ್’ ಎಂಬುದರಿಂದ ಬಂದುದು. ಕುರೂಪ, ಹೇಯ ಎಂದು ಅದರ ಅರ್ಥ. ನ್ಯಾಯಶಾಸ್ತ್ರದ ‘ಮಾರಲ್ ಟರ್ಪಿಟ್ಯೂಡ್’ ಎಂಬ ಮಾತನ್ನು ಕನ್ನಡದಲ್ಲಿ ‘ನೈತಿಕ ಅಧಃಪತನ’ ಎನ್ನುವರು. ಕೆಲಸದಲ್ಲಿದ್ದಾಗ ಇಂತಹ ಅಪರಾಧವೆಸಗಿ ವಜಾ ಆದವನ ಗ್ರಾಚ್ಯುಟಿಯನ್ನು ಮುಟ್ಟುಗೋಲು ಹಾಕಲು 1972ರ ಕಾಯಿದೆಯು ಅವಕಾಶವಿತ್ತಿತು. ಆದರೆ ಆ ಮಾತಿನ ಅರ್ಥವನ್ನು ವಿವರಿಸಲಿಲ್ಲ.

ಹರಿಯಾಣದ ನೌಕರನೊಬ್ಬನು 20 ರೂಪಾಯಿ ದಂಡ ತೆತ್ತ ಕಾರಣಕ್ಕಾಗಿ ಕೆಲಸ ಕಳೆದುಕೊಂಡಿದ್ದನು. 1996ರಲ್ಲಿ ಸುಪ್ರೀಂ ಕೋರ್ಟು ಅವನ ಪಕ್ಷವನ್ನು ಎತ್ತಿಹಿಡಿದು, ಸ್ವಭಾವತಃ ಹೀನವೂ ಭ್ರಷ್ಟವೂ ಆದ ನಡತೆಗೆ ಈ ಹೆಸರು ಸಲ್ಲುವುದೆಂದು ವಿವರಿಸಿತು. ಶಿಕ್ಷೆಗೊಳಗಾದವರೆಲ್ಲರೂ ನೀಚರಲ್ಲವೆಂಬುದು ಇದರ ತಾತ್ಪರ್ಯ. ಹಾಗಾದರೆ ಶಿಕ್ಷೆಗೊಳಗಾಗದವರೆಲ್ಲರೂ ಉಚ್ಚರೇ?

ಇಲ್ಲಿ ನ್ಯಾಯಾಲಯದ ಅಧಿಕಾರ ಮುಗಿದು ಶಾಸ್ತ್ರದ ವಿಚಾರಣೆ ಮೊದಲಾಗುತ್ತದೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ನೀಚಗೋತ್ರ ಕರ್ಮದ ಆಸ್ರವವನ್ನು ಹೇಳುವಾಗ ಕಳವನ್ನಾಗಲಿ ಕೊಲೆಯನ್ನಾಗಲಿ ಹೆಸರಿಸಲಿಲ್ಲ. ಪರನಿಂದೆ, ಆತ್ಮಪ್ರಶಂಸೆ, ಪರರಲ್ಲಿರುವ ಗುಣವನ್ನು ಮರೆಮಾಡುವುದು, ತನ್ನಲ್ಲಿಲ್ಲದ ಗುಣವನ್ನು ಸಾರುವುದು — ಇವೇ ಕಾರಣಗಳೆಂದರು. ಇವುಗಳಿಗೆ ನಾಲಗೆಯೊಂದೇ ಸಾಕು.

ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಅಧ್ಯಾಯವನ್ನು ಓದುವ ಪದ್ಧತಿಯಂತೆ ಆರನೆಯದು ಉತ್ತಮ ಸಂಯಮದ ದಿನಕ್ಕೆ ಬರುತ್ತದೆ. ಅಂದು ಕಡೂರು, ತರೀಕೆರೆ, ಅಜ್ಜಂಪುರದ ಯಾವುದೇ ಶ್ರಾವಕರ ಮನೆಯ ಉಪವಾಸಿಯು, ‘ಪಕ್ಕದ ಮನೆಯವರು ನೀರು ಕುಡಿದರಂತೆ, ನಾನಾದರೋ ಹನಿಯನ್ನೂ ಮುಟ್ಟಲಿಲ್ಲ’ ಎಂದರೆ, ನಿಂದೆ ಪ್ರಶಂಸೆಗಳೆರಡೂ ಒಂದೇ ಮಾತಿನಲ್ಲಿ ಕೂಡಿದವು. ಅನ್ನವನ್ನು ಬಿಟ್ಟ ಬಾಯಿ ಪರರ ಮಾನವನ್ನು ಉಂಡಿತು. ಇದಕ್ಕೆ ಯಾವ ಕೋರ್ಟಿನಲ್ಲಿಯೂ ದಂಡವಿಲ್ಲ. ಆದುದರಿಂದಲೇ ಎಚ್ಚರವು ಹೆಚ್ಚು ಬೇಕು.

ಮುಂದಿನ ಸೂತ್ರವು ಉಚ್ಚಗೋತ್ರಕ್ಕೆ ಹೇಳಿದ ಕಾರಣಗಳಲ್ಲಿ ‘ನೀಚೈರ್ವೃತ್ತಿ’ಯೂ ಒಂದು, ಎಂದರೆ ಗುಣಾಧಿಕರ ಮುಂದೆ ತಗ್ಗಿ ನಡೆಯುವುದು. ಬೀಳುವುದೂ ತಗ್ಗು, ಬಾಗುವುದೂ ತಗ್ಗು. ಆಂಗ್ಲ ಶಬ್ದವು ಮೊದಲನೆಯದನ್ನು ಮಾತ್ರ ಬಲ್ಲುದು.

ಎರಡನೆಯದಕ್ಕೆ ಕಡೂರಿನ ಶಾಸನವೇ ಸಾಕ್ಷಿ. ಗಂಗರಸ ಬೂತುಗನ ಅಕ್ಕ ಪಾಂಬಬ್ಬೆಯು ಕೇಶಲೋಚ ಮಾಡಿ, 30 ವರ್ಷ ತಪಸ್ಸನ್ನಾಚರಿಸಿ, ಪಂಚವ್ರತಗಳೊಡನೆ ಕ್ರಿ.ಶ. 971ರಲ್ಲಿ ದೇಹವನ್ನು ಬಿಟ್ಟಳು. ಅರಸುಮನೆಯ ಮಗಳು ತಾನಾಗಿ ತಲೆಯನ್ನು ಬೋಳಾಗಿಸಿ ತಗ್ಗಿದಳು. ಲೋಕವು ಅದನ್ನು ಅಧಃಪತನವೆನ್ನಲಿಲ್ಲ. ಕಲ್ಲಿನಲ್ಲಿ ಬರೆದು ನಿಲ್ಲಿಸಿತು.

ಪಾರಣೆಗೆ ಕುಳಿತ ವ್ರತಿಯು ಎಷ್ಟು ಹೊತ್ತು ಹಸಿದಿದ್ದೆನೆಂದು ಎಣಿಸುವ ಮೊದಲು, ಯಾರನ್ನು ಹಳಿದೆನೆಂದು ಎಣಿಸುವುದು ಲೇಸು.