ಹೆಸರು ಹಿಡಿದು ಕರೆಯುವಲ್ಲಿನ ಆರ್ಜವ

ಮನುಷ್ಯನಿಗೆ ಸೇರಿದ ಸ್ವತ್ತುಗಳಲ್ಲಿ ಅವನ ಹೆಸರು ವಿಚಿತ್ರವಾದುದು. ಅದು ಅವನದೇ ಆದರೂ ಅವನು ಆರಿಸಿಕೊಂಡದ್ದಲ್ಲ. ಅವನಿಗಿಂತ ಹೆಚ್ಚಾಗಿ ಅದನ್ನು ಬಳಸುವವರು ಇತರರು. ತತ್ತ್ವಾರ್ಥಸೂತ್ರವು ಮೊದಲ ಅಧ್ಯಾಯದಲ್ಲಿ ಹೇಳುವ ನಾಲ್ಕು ನಿಕ್ಷೇಪಗಳಲ್ಲಿ ನಾಮನಿಕ್ಷೇಪವೇ ಮೊದಲನೆಯದು. ಗುಣವಿರಲಿ ಇಲ್ಲದಿರಲಿ, ಲೋಕವ್ಯವಹಾರ ನಡೆಯುವುದಕ್ಕಾಗಿ ಒಂದು ವಸ್ತುವಿಗೆ ಒಂದು ಹೆಸರನ್ನಿಡುವುದು ಅದರ ಲಕ್ಷಣ. ಕೈಯಲ್ಲಿ ಕಾಸಿಲ್ಲದವನನ್ನೂ ನಾವು ಧನಪಾಲನೆಂದು ಕರೆಯುತ್ತೇವೆ. ಅದನ್ನು ಸುಳ್ಳೆಂದು ಯಾರೂ ಆಕ್ಷೇಪಿಸುವುದಿಲ್ಲ.

ಅರ್ಥದ ಹಂಗಿಲ್ಲದ ಈ ಶಬ್ದಕ್ಕೆ ಒಂದು ಬಲವುಂಟು. ಸಂತೆಯ ಗದ್ದಲದಲ್ಲಿಯೂ ನಮ್ಮ ಹೆಸರು ಕಿವಿಗೆ ಬಿದ್ದರೆ ತಲೆ ತಾನಾಗಿಯೇ ತಿರುಗುತ್ತದೆ. ನೆವಿಲ್ ಮೊರೇ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಪರೀಕ್ಷಿಸಿ 1959ರಲ್ಲಿ ಪ್ರಕಟಿಸಿದರು. ಒಂದು ಕಿವಿಗೆ ಬರುವ ಮಾತನ್ನು ಗಮನವಿಟ್ಟು ಕೇಳಿ ಹಾಗೆಯೇ ಪುನರುಚ್ಚರಿಸುವಂತೆ ತಿಳಿಸಿ, ಇನ್ನೊಂದು ಕಿವಿಗೆ ಬೇರೆ ಮಾತುಗಳನ್ನು ಕೇಳಿಸಿದರು. ಆ ಇನ್ನೊಂದು ಕಿವಿಯ ಶಬ್ದಗಳು ಮತ್ತೆ ಮತ್ತೆ ಬಂದರೂ ಕೇಳುಗರ ನೆನಪಿನಲ್ಲಿ ನಿಲ್ಲಲಿಲ್ಲ. ಆದರೆ ಅವುಗಳ ನಡುವೆ ಅವರವರ ಹೆಸರನ್ನು ಸೇರಿಸಿದಾಗ, ಸುಮಾರು ಮೂರರಲ್ಲಿ ಒಂದು ಪಾಲು ಅದನ್ನು ಗುರುತಿಸಿತು. ಎಂದರೆ, ಹೆಸರು ಹಿಡಿದು ಕರೆದವನು ನಮ್ಮ ಅನುಮತಿಯನ್ನು ಕೇಳದೆಯೇ ನಮ್ಮ ಗಮನದ ಒಂದಂಶವನ್ನು ಪಡೆದುಬಿಡುತ್ತಾನೆ. ಅದನ್ನು ಅವನು ಯಾವುದಕ್ಕಾಗಿ ಪಡೆದ ಎಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ.

ಈ ಬಲವನ್ನು ವ್ಯವಹಾರದ ಸಾಧನವೆಂದು ಬೋಧಿಸಿದವರಲ್ಲಿ ಅಮೆರಿಕದ ಡೇಲ್ ಕಾರ್ನೆಗಿ ಪ್ರಸಿದ್ಧ. ಸ್ನೇಹಿತರನ್ನು ಗಳಿಸುವ, ಜನರನ್ನು ಒಲಿಸಿಕೊಳ್ಳುವ ಬಗೆಯನ್ನು ಕುರಿತ ಅವನ ಪುಸ್ತಕ ಪ್ರಕಟವಾದದ್ದು 1936ರಲ್ಲಿ. ಅದರಲ್ಲಿ ಉಕ್ಕಿನ ಉದ್ಯಮಿ ಆಂಡ್ರೂ ಕಾರ್ನೆಗಿಯ ಒಂದು ವೃತ್ತಾಂತ ಬರುತ್ತದೆ. ಪೆನ್ಸಿಲ್ವೇನಿಯಾ ರೈಲ್ವೆಗೆ ಕಂಬಿಗಳನ್ನು ಮಾರಬಯಸಿದ ಈ ಉದ್ಯಮಿ, ಪಿಟ್ಸ್‌ಬರ್ಗಿನ ಬಳಿ ತಾನು ಕಟ್ಟಿಸಿದ ಕಾರ್ಖಾನೆಗೆ ಆ ರೈಲ್ವೆಯ ಅಧ್ಯಕ್ಷ ಎಡ್ಗರ್ ಥಾಮ್ಸನ್ನನ ಹೆಸರನ್ನೇ ಇಟ್ಟನು. 1875ರಲ್ಲಿ ಕೆಲಸವನ್ನಾರಂಭಿಸಿದ ಆ ಕಾರ್ಖಾನೆಗೆ ಮೊದಲ ಬೇಡಿಕೆ ಆ ರೈಲ್ವೆಯಿಂದಲೇ ಬಂದಿತು. ಡೇಲ್ ಕಾರ್ನೆಗಿ ಈ ಉದ್ಯಮಿಯ ಬಂಧುವಲ್ಲ; ತನ್ನ ಮನೆತನದ ಹೆಸರಿನ ಕಾಗುಣಿತವನ್ನು ಆ ಶ್ರೀಮಂತನ ಹೆಸರಿಗೆ ಹೊಂದುವಂತೆ ತಿದ್ದಿಕೊಂಡವನು. ಹೆಸರಿನ ಮಹಿಮೆಯನ್ನು ಅವನು ಚೆನ್ನಾಗಿಯೇ ಬಲ್ಲವನಾಗಿದ್ದನು! ಆದರೂ ಎದುರಿನವರಲ್ಲಿ ಮನಃಪೂರ್ವಕವಾದ ಆಸಕ್ತಿ ಇರಬೇಕೆಂದು ಅವನು ಒತ್ತಿ ಹೇಳಿದ್ದನ್ನು ನಾವು ಮರೆಯಬಾರದು. ಮುಂದಿನ ಮಾರಾಟದ ತರಬೇತಿಗಳಲ್ಲಿ ಆಸಕ್ತಿ ಬಿಟ್ಟುಹೋಗಿ ಹೆಸರು ಮಾತ್ರ ಉಳಿಯಿತು.

ಹೆಸರು ಕರೆದರೆ ಕೊಳ್ಳುವವನ ಮನಸ್ಸು ಏಕೆ ಸಡಿಲಗೊಳ್ಳುತ್ತದೆ? ಹೊವರ್ಡ್, ಜೆಂಗ್ಲರ್ ಮತ್ತು ಜೈನ್ ಎಂಬ ಮೂವರು 1995ರಲ್ಲಿ ಅಮೆರಿಕದ ಒಂದು ವಿದ್ವತ್ಪತ್ರಿಕೆಯಲ್ಲಿ ಇದಕ್ಕೊಂದು ಉತ್ತರವನ್ನು ಕೊಟ್ಟಿದ್ದಾರೆ. ಅಧ್ಯಾಪಕರು ಹೆಸರನ್ನು ನೆನಪಿಟ್ಟುಕೊಂಡು ಕರೆದ ವಿದ್ಯಾರ್ಥಿಗಳು, ಹೆಸರು ಮರೆತುಹೋದ ವಿದ್ಯಾರ್ಥಿಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಅವರು ಕೊಳ್ಳಿರೆಂದ ಬಿಸ್ಕತ್ತುಗಳನ್ನು ಕೊಂಡರು. ನೆನಪಿಟ್ಟದ್ದನ್ನು ಅವರು ಒಂದು ಪ್ರಶಂಸೆಯೆಂದೇ ಭಾವಿಸಿದ್ದರು. ಹಾಗಾದರೆ ಕೆಲಸ ಮಾಡುವುದು ಹೆಸರಿನ ಧ್ವನಿಯಲ್ಲ. ‘ಈತ ನನ್ನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾನೆ’ ಎಂಬ ನಂಬಿಕೆ. ಇಂದು ಆ ನೆನಪನ್ನು ಮನಸ್ಸಿನ ಬದಲು ಗಣಕಯಂತ್ರವು ಹೊತ್ತುಕೊಂಡಿದೆ. ಪರದೆಯ ಮೇಲೆ ಕಂಡ ಹೆಸರನ್ನು ಓದುವವನು ಯಾರನ್ನೂ ನೆನಪಿಟ್ಟವನಲ್ಲ, ನೆನಪಿಟ್ಟವನಂತೆ ತೋರುವವನು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಎಪ್ಪತ್ತು ದಾಟಿದ ಒಬ್ಬ ವಿಧವೆ. ಹೆಸರು ಪದ್ಮಾವತಿ ಎಂದಿರಲಿ. ಅವಧಿ ಮುಗಿದ ಠೇವಣಿಯನ್ನು ನವೀಕರಿಸಲು ಆಕೆ ಬ್ಯಾಂಕಿಗೆ ಹೋಗಿದ್ದಾರೆ. ಮೇಜಿನಾಚೆಯ ತರುಣ ಹೇಳುತ್ತಾನೆ: “ಪದ್ಮಾವತಿ ಅವರೇ, ಹಣವನ್ನು ಸುಮ್ಮನೆ ಏಕೆ ಠೇವಣಿಯಲ್ಲಿಡುತ್ತೀರಿ? ನಿಮ್ಮ ಮೊಮ್ಮಕ್ಕಳ ಓದಿಗೆ ಆಗುವ ಯೋಜನೆಯೊಂದಿದೆ, ಪದ್ಮಾವತಿ ಅವರೇ. ಇಲ್ಲೊಂದು ರುಜು ಹಾಕಿದರೆ ಆಯಿತು, ಪದ್ಮಾವತಿ ಅವರೇ.” ಮೂರನೆಯ ಸಲ ಹೆಸರು ಕೇಳುವ ವೇಳೆಗೆ ‘ಬೇಡ’ ಎನ್ನುವುದು ಒಂದು ಯೋಜನೆಯನ್ನು ನಿರಾಕರಿಸಿದಂತಲ್ಲ, ಒಬ್ಬ ಪರಿಚಿತನ ಮುಖ ಮುರಿದಂತೆ ಆಗಿರುತ್ತದೆ. ರುಜು ಬೀಳುತ್ತದೆ. ಅದು ವರ್ಷವರ್ಷವೂ ಕಂತು ಕಟ್ಟಬೇಕಾದ ವಿಮೆಯೆಂದು ಮನೆಗೆ ಹೋದ ಮೇಲೆ ತಿಳಿಯುತ್ತದೆ.

ನಮ್ಮ ನಾಡಿನಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವ ವಾಡಿಕೆ ಕಡಮೆ. ಅತ್ತೆ, ಚಿಕ್ಕಮ್ಮ, ಅಕ್ಕ, ಇಂಥವರ ತಾಯಿ ಎಂದು ಸಂಬಂಧದಿಂದಲೇ ಕರೆಯುತ್ತೇವೆ. ಉತ್ತರ ಕರ್ನಾಟಕದಲ್ಲಿ ಗಂಡನ ಹೆಸರನ್ನು ಹೇಳಬೇಕಾದಾಗ ಹೆಣ್ಣುಮಕ್ಕಳು ಅದನ್ನು ಒಡಪಿನಲ್ಲಿ ಹುದುಗಿಸಿ, ನೆರೆದವರ ಮುಂದೆ ನಾಚಿ ಹೇಳುವುದನ್ನು ಓದುಗರು ಬಲ್ಲರು. ಆ ಸಂಕೋಚದಲ್ಲಿ ಸ್ತ್ರೀಯರ ಮೇಲಿನ ನಿರ್ಬಂಧವೂ ಅಡಗಿದೆ. ಅದನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಆದರೆ ಅದರ ಪರಿಣಾಮವನ್ನು ಗಮನಿಸಬೇಕು. ಪದ್ಮಾವತಿಯವರನ್ನು ಹೆಸರಿನಿಂದ ಕರೆಯುತ್ತಿದ್ದವರು ತಾಯಿತಂದೆಗಳು, ಒಡಹುಟ್ಟಿದವರು, ಬಾಲ್ಯದ ಗೆಳತಿಯರು. ಅವರಲ್ಲಿ ಬಹುಮಂದಿ ಈಗಿಲ್ಲ. ವರ್ಷಗಳಿಂದ ಯಾರ ಬಾಯಲ್ಲೂ ಕೇಳದ ತನ್ನ ಹೆಸರನ್ನು ಅಪರಿಚಿತನ ಬಾಯಲ್ಲಿ ಅಷ್ಟು ಮೃದುವಾಗಿ ಕೇಳಿದಾಗ ಆಕೆಯ ಮನಸ್ಸು ಕರಗಿದರೆ ಆಶ್ಚರ್ಯವೇನು? ತರಬೇತಿ ಕೊಟ್ಟವರಿಗೆ ಇದು ಗೊತ್ತಿಲ್ಲದಿರಬಹುದು; ಫಲ ಮಾತ್ರ ಅವರಿಗೆ ಸಲ್ಲುತ್ತದೆ.

ಈ ಯಾಂತ್ರಿಕತೆ ಕೆಲವೊಮ್ಮೆ ತಾನೇ ಬಯಲಾಗುವುದೂ ಉಂಟು. ನಮ್ಮವರ ಹೆಸರಿನ ಮೊದಲಕ್ಷರಗಳನ್ನು ಬಿಡಿಸಿ ಬರೆದಾಗ ಊರಿನ ಹೆಸರೋ ತಂದೆಯ ಹೆಸರೋ ಮುಂದೆ ಬರುತ್ತದೆ. ಪರದೆಯ ಮೊದಲ ಪದವನ್ನೇ ಓದುವವನು, ದೂರವಾಣಿಯಲ್ಲಿ ಮಗನನ್ನು ಸ್ವರ್ಗಸ್ಥರಾದ ತಂದೆಯ ಹೆಸರಿನಿಂದ ಕರೆದು ಯೋಗಕ್ಷೇಮವನ್ನು ವಿಚಾರಿಸುತ್ತಾನೆ.

ಇದು ಅಸತ್ಯವೇ? ಆ ತರುಣನ ವಾಕ್ಯಗಳನ್ನು ಬಿಡಿಬಿಡಿಯಾಗಿ ತೂಗಿದರೆ ಸುಳ್ಳು ಸಿಕ್ಕಲಾರದು. ಆಕೆಯ ಹೆಸರು ಪದ್ಮಾವತಿಯೇ. ಯೋಜನೆ ಇರುವುದೂ ನಿಜ. ಆದ್ದರಿಂದ ದೋಷವನ್ನು ವಾಕ್ಯದಲ್ಲಿ ಹುಡುಕದೆ ಮನಸ್ಸಿಗೂ ಮಾತಿಗೂ ನಡುವಣ ಅಂತರದಲ್ಲಿ ಹುಡುಕಬೇಕಾಗುತ್ತದೆ. ಕ್ರೋಧ, ಮಾನ, ಲೋಭಗಳೊಡನೆ ಮಾಯೆಯನ್ನೂ ಕಷಾಯಗಳಲ್ಲಿ ಎಣಿಸಿರುವುದು ಇದಕ್ಕಾಗಿಯೇ. ಮನಸ್ಸಿನಲ್ಲಿರುವುದು ತಿಂಗಳ ಗುರಿ. ಮಾತಿನಲ್ಲಿ ತೋರುವುದು ಆತ್ಮೀಯತೆ. ಈ ವಕ್ರತೆಗೆ ಪ್ರತಿಪಕ್ಷವೇ ಆರ್ಜವ. ಇಲ್ಲಿ ನಾಮವುಂಟು, ಅದು ಸೂಚಿಸುವ ಭಾವವಿಲ್ಲ. ಆದರೂ ಭಾವದ ಬೆಲೆಯನ್ನು ವಸೂಲು ಮಾಡಲಾಗುತ್ತದೆ.

ಹಾಗೆಂದು ಹೆಸರನ್ನು ಎಷ್ಟು ಸಲ ಹೇಳಬಹುದೆಂಬ ಲೆಕ್ಕವನ್ನು ಹಾಕಬೇಕಾಗಿಲ್ಲ. ಶಸ್ತ್ರಕ್ರಿಯೆಯ ನಂತರ ಮಂಪರಿನಲ್ಲಿರುವ ರೋಗಿಯನ್ನು ದಾದಿ ಹತ್ತು ಸಲ ಹೆಸರು ಹಿಡಿದು ಕೂಗುತ್ತಾಳೆ. ‘ಏಕೆ ಕೂಗುತ್ತಿದ್ದೀಯಮ್ಮಾ?’ ಎಂದು ಕೇಳಿದರೆ ‘ನಿಮಗೆ ಎಚ್ಚರ ಬರಲೆಂದು’ ಎನ್ನುತ್ತಾಳೆ. ಹಾಗೆ ಹೇಳಿದುದರಿಂದ ಕೂಗಿನ ಪ್ರಯೋಜನ ಕುಂದುವುದಿಲ್ಲ. ಬ್ಯಾಂಕಿನ ತರುಣನೂ ತನ್ನ ಕಾರಣವನ್ನು ಹೇಳಿಬಿಡಲಿ: ‘ಅಮ್ಮಾ, ಬೇಡವೆನ್ನಲು ನಿಮಗೆ ಕಷ್ಟವಾಗಲೆಂದು ನಿಮ್ಮ ಹೆಸರನ್ನು ಮತ್ತೆ ಮತ್ತೆ ಹೇಳುತ್ತಿದ್ದೇನೆ.’ ಆ ಕ್ಷಣವೇ ತಂತ್ರ ಮುರಿದುಬೀಳುತ್ತದೆ. ಬಹಿರಂಗಪಡಿಸಿದೊಡನೆ ನಿಷ್ಫಲವಾಗುವ ಉಪಾಯ ಮುಚ್ಚುಮರೆಯನ್ನೇ ಆಧರಿಸಿ ನಿಂತಿದೆಯೆಂದು ತಿಳಿಯಬೇಕು.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಚಿಕ್ಕಪೇಟೆಯ ಸೀರೆಯಂಗಡಿಯವನು ‘ಬನ್ನಿ ಅಕ್ಕಾ, ನೋಡಿ ಅಕ್ಕಾ’ ಎನ್ನುವುದಿಲ್ಲವೇ? ಅದೂ ಮಾಯೆಯೇ? ನಮ್ಮ ಅಭಿಪ್ರಾಯದಲ್ಲಿ ಅಲ್ಲ. ಬೀದಿಯಲ್ಲಿ ಹೋಗುವ ಎಲ್ಲರೂ ಅವನಿಗೆ ಅಕ್ಕಂದಿರೇ. ಅದು ಅಂಗಡಿಯ ಕೂಗೆಂದು ಕೇಳುವವರೂ ಬಲ್ಲರು, ನಕ್ಕು ಮುಂದೆ ಹೋಗಬಲ್ಲರು. ಅದೇ ವ್ಯಾಪಾರಿ ಒಬ್ಬಾಕೆಯನ್ನು ಕುಳ್ಳಿರಿಸಿ ‘ನಾನು ನಿಮ್ಮ ಮಗನಿದ್ದ ಹಾಗೆ’ ಎಂದು ದರ ಹೇಳತೊಡಗಿದರೆ ಮಾತು ಬೇರೆಯಾಗುತ್ತದೆ. ಎರಡರ ನಡುವೆ ಗೆರೆಯೆಳೆಯಲು ಕಷ್ಟವಾದ ಪ್ರಸಂಗಗಳೂ ಇವೆ. ರೂಸ್ವೆಲ್ಟರ ಚುನಾವಣಾ ಪ್ರಚಾರವನ್ನು ನಡೆಸಿದ ಜಿಮ್ ಫಾರ್ಲಿ ಐವತ್ತು ಸಾವಿರ ಜನರನ್ನು ಹೆಸರು ಹಿಡಿದು ಕರೆಯಬಲ್ಲವನಾಗಿದ್ದನೆಂದು ಕಾರ್ನೆಗಿ ಬರೆದಿದ್ದಾನೆ. ಮತದ ಆಸೆ ಅವನಿಗಿತ್ತು. ಆದರೆ ನೆನಪಿಡುವ ಶ್ರಮವೂ ಅವನದೇ. ಅಂಥವನನ್ನು ಪರದೆ ನೋಡಿ ಓದುವವನೊಡನೆ ಒಂದೇ ಪಂಕ್ತಿಯಲ್ಲಿ ಕೂರಿಸಲು ಮನಸ್ಸೊಪ್ಪುವುದಿಲ್ಲ.

ದೋಷ ಯಾರದೆಂಬುದನ್ನೂ ನೋಡಬೇಕು. ಮಾಡುವುದು, ಮಾಡಿಸುವುದು, ಮಾಡಿದ್ದಕ್ಕೆ ಸಮ್ಮತಿಸುವುದು – ಕೃತ, ಕಾರಿತ, ಅನುಮೋದನಗಳೆಂಬ ಈ ವಿಭಾಗ ಇಲ್ಲಿ ಬಹಳ ಉಪಯುಕ್ತ. ತರುಣ ಬರೆದುಕೊಟ್ಟದ್ದನ್ನು ಓದುತ್ತಾನೆ. ಓದದಿದ್ದರೆ ಕೆಲಸ ಹೋಗುವ ಭಯವುಂಟು. ಬರೆದವರು ಬೇರೆ, ಗುರಿ ಮುಟ್ಟಿದ ಶಾಖೆಗೆ ಬಹುಮಾನ ಕೊಡುವವರು ಇನ್ನೂ ಬೇರೆ. 2000ದ ಆಸುಪಾಸಿನಲ್ಲಿ ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ ವಿದೇಶಗಳ ಗ್ರಾಹಕರೊಡನೆ ರಾತ್ರಿಯಿಡೀ ಮಾತಾಡುತ್ತಿದ್ದ ಅನೇಕರು ತಮ್ಮ ಹೆಸರನ್ನು ಮರೆಮಾಡಿ ಪಾಶ್ಚಾತ್ಯ ಹೆಸರೊಂದನ್ನು ಇಟ್ಟುಕೊಳ್ಳಬೇಕಾಗಿತ್ತು. ಎದುರಿನವನ ನಿಜವಾದ ಹೆಸರನ್ನು ಮತ್ತೆ ಮತ್ತೆ ಹೇಳಬೇಕು, ತನ್ನದನ್ನು ಒಮ್ಮೆಯೂ ಹೇಳಕೂಡದು! ಅವರನ್ನು ದೂರುವುದಕ್ಕಿಂತ ಮೊದಲು, ಅವರ ಹೆಸರನ್ನು ಕಸಿದುಕೊಂಡವರನ್ನು ಪ್ರಶ್ನಿಸಬೇಕಾಗುತ್ತದೆ. ಮತ್ತು ಅಂಥ ಸಂಸ್ಥೆಗಳ ಪಾಲುಬಂಡವಾಳದಲ್ಲಿ ನಮ್ಮ ಹಣವಿದ್ದು, ಲಾಭಾಂಶ ಬಂದಾಗ ನಾವು ಸಂತೋಷಪಡುತ್ತಿದ್ದರೆ, ಅನುಮೋದನದ ಪಾಲು ನಮಗೂ ಬರುತ್ತದೆ. ವ್ಯಾಪಾರವೇ ವೃತ್ತಿಯಾಗಿರುವ ಕುಟುಂಬಗಳು ನಮ್ಮಲ್ಲಿ ಹೆಚ್ಚಾಗಿರುವುದರಿಂದ ಈ ಮಾತನ್ನು ಬಿಚ್ಚಿ ಹೇಳಬೇಕಾಯಿತು.

ಇದೇ ಬಾಗಿಲಿನಿಂದ ಕಳ್ಳರೂ ಒಳಬರುತ್ತಾರೆ. ‘ಡಿಜಿಟಲ್ ಅರೆಸ್ಟ್’ ಎಂಬ ವಂಚನೆಯ ಬಗ್ಗೆ 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳೇ ಆಕಾಶವಾಣಿಯಲ್ಲಿ ಎಚ್ಚರಿಸಬೇಕಾಯಿತು. ಪೊಲೀಸ್ ಅಧಿಕಾರಿಯ ಸೋಗಿನಲ್ಲಿ ಕರೆ ಮಾಡುವವನು ನಮ್ಮ ವಿವರಗಳನ್ನು ಮೊದಲೇ ಸಂಗ್ರಹಿಸಿಕೊಂಡಿರುತ್ತಾನೆ. ಹೆಸರು ಬಲ್ಲವನು ಬೇರೆಯದನ್ನೂ ಬಲ್ಲನೆಂಬ ನಂಬಿಕೆಯಿಂದಲೇ ಕೇಳುವವನು ಬೆದರುತ್ತಾನೆ. ಮಾರಾಟದ ತರುಣನನ್ನು ಇವನೊಡನೆ ಸಮೀಕರಿಸುವುದು ಅನ್ಯಾಯ. ಆದರೆ ಹೆಸರು ಹೇಳಿದವರನ್ನೆಲ್ಲ ಪರಿಚಿತರೆಂದು ನಂಬುವ ಅಭ್ಯಾಸವನ್ನು ಹಗಲಿನ ವ್ಯಾಪಾರವೇ ದಿನದಿನವೂ ಬೆಳೆಸುತ್ತಿದೆ.

ಕೇಳುವವರು ಮಾಡಬಹುದಾದದ್ದು ಸ್ವಲ್ಪವಿದೆ. ಹೇಳಿದ ಮಾತಿನಿಂದ ತಮ್ಮ ಹೆಸರನ್ನು ತೆಗೆದುಹಾಕಿ, ಉಳಿದದ್ದನ್ನು ಮಾತ್ರ ಮನಸ್ಸಿನಲ್ಲಿ ಮತ್ತೊಮ್ಮೆ ಹೇಳಿಕೊಳ್ಳಬಹುದು. ‘ನಿಮ್ಮ ಹೆಸರೇನಪ್ಪಾ? ಇದನ್ನೆಲ್ಲ ಕಾಗದದಲ್ಲಿ ಬರೆದುಕೊಡು, ಮನೆಯಲ್ಲಿ ಓದಿ ನೋಡುತ್ತೇನೆ’ ಎನ್ನಬಹುದು. ರುಜು ಹಾಕಿಬಿಟ್ಟಿದ್ದರೂ ದಾರಿ ಮುಚ್ಚಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ, ಜೀವವಿಮೆಯ ಪಾಲಿಸಿ ಕೈಸೇರಿದ ದಿನದಿಂದ 30 ದಿನಗಳೊಳಗೆ ಅದನ್ನು ಹಿಂದಿರುಗಿಸುವ ಹಕ್ಕು ಪದ್ಮಾವತಿಯವರಂಥವರಿಗಿದೆ. ಮುದ್ರಾಂಕ, ವೈದ್ಯಕೀಯ ಪರೀಕ್ಷೆ ಮತ್ತು ಕಳೆದ ದಿನಗಳ ರಕ್ಷಣೆಯ ವೆಚ್ಚವನ್ನು ಮುರಿದುಕೊಂಡು ಉಳಿದ ಹಣವನ್ನು ಕಂಪನಿ ಕೊಡಬೇಕು. ಅರ್ಜಿಯನ್ನು ಬರೆದುಕೊಡಲು ಮನೆಯವರು ಯಾರಾದರೂ ಆಕೆಯ ಪಕ್ಕದಲ್ಲಿ ಅರ್ಧ ಗಂಟೆ ಕುಳಿತರೆ ಸಾಕು.