ಆವಿಗೆಯೆಂಬ ಮಾತಿನ ಮರ್ಮ



ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಸಂತೆಗಳಲ್ಲಿ ಮಡಕೆ ಕೊಳ್ಳುವ ತಾಯಂದಿರು ಅದನ್ನು ಬೆರಳಿನಿಂದ ಬಡಿದು, ನಾದವನ್ನು ಕೇಳಿ ಕೊಳ್ಳುವರು. ಖಣಿಲೆಂದು ನುಡಿದರೆ ಬೆಂದುದು; ಮಂದವಾಗಿ ನುಡಿದರೆ ಬೇಯದುದು, ಇಲ್ಲವೆ ಬಿರಿದುದು. ಈ ಪರೀಕ್ಷೆಯಲ್ಲಿ ಧರ್ಮದ ಪಾಠವೊಂದಡಗಿದೆ.

ಕುಂಬಾರನು ಮಡಕೆಗಳನ್ನು ಒಟ್ಟಿ ಸುಡುವ ತಾಣಕ್ಕೆ ಆವಿಗೆಯೆಂದು ಹೆಸರು. ಇದು ಸಂಸ್ಕೃತದ 'ಆಪಾಕ' ಶಬ್ದದ ತದ್ಭವ. ಕುಂಭಕಾರನು ಕುಂಬಾರನಾದಂತೆ, ಇಷ್ಟಕೆಯು ಇಟ್ಟಿಗೆಯಾದಂತೆ, ಆಪಾಕವು ಆವಿಗೆಯಾಯಿತು. ಇದರ ಧಾತು 'ಪಚ್', ಬೇಯಿಸು ಎಂದರ್ಥ. ಅಡಿಗೆಯ ಪಾಕವೂ ಹಣ್ಣಿನ ಪಕ್ವತೆಯೂ ಅದೇ ಧಾತುವಿನಿಂದ ಹುಟ್ಟಿದವು. ಬೇಯದ ಮಡಕೆಗೆ ಸಂಸ್ಕೃತದಲ್ಲಿ 'ಆಮಪಾತ್ರ'ವೆಂದೂ ನಮ್ಮ ನುಡಿಯಲ್ಲಿ ಹಸಿಮಡಕೆಯೆಂದೂ ಹೆಸರು.

ಒಣಗಿದ ಹಸಿಮಡಕೆಗೂ ಆಕಾರವುಂಟು, ಅಂದವುಂಟು. ಆದರೆ ನೀರು ತುಂಬಿದೊಡನೆ ಅದು ಕರಗಿ ಮತ್ತೆ ಕೆಸರಾಗುವುದು. ಸುಮಾರು 600 ಡಿಗ್ರಿ ಸೆಂಟಿಗ್ರೇಡಿನ ಕಾವು ತಗುಲಿದಾಗ ಮಣ್ಣಿನ ಕಣದೊಳಗೆ ಬೆಸೆದಿದ್ದ ನೀರೂ ಹೊರಟುಹೋಗುವುದು. ಅನಂತರ ಆ ಮಡಕೆ ಒಡೆದರೆ ಬೋಕಿಯಾದೀತೇ ಹೊರತು ಎಷ್ಟು ನೆನೆದರೂ ಕೆಸರಾಗದು. ಆದರೆ ಅವಸರವೂ ಸಲ್ಲದು. ನೆರಳಿನಲ್ಲಿ ಚೆನ್ನಾಗಿ ಆರದುದನ್ನು ಉರಿಗಿಟ್ಟರೆ ಒಳಗಿನ ತೇವವೇ ಉಗಿಯಾಗಿ ಮಡಕೆಯನ್ನು ಸಿಡಿಸುವುದು.

ದೀಕ್ಷೆಯಾಯಿತು, ಲಿಂಗವು ಕೊರಳಿಗೆ ಬಂದಿತು, ವಿಭೂತಿಯು ಹಣೆಗೇರಿತು. ಇದು ಆಕಾರ. ಸದಾಚಾರವೇ ಆವಿಗೆ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವ ದಿನ ಒಂದು ಬದುವಿಗಾಗಿ ಕೈ ಕೈ ಮಿಲಾಯಿಸಿದರೆ, ಪೂಜೆ ಮುಗಿಸಿ ಎದ್ದವನು ದುಡಿಯಲು ಬಂದವನ ಕೂಲಿಯನ್ನು ಮುರಿದುಕೊಂಡರೆ, ಅಲ್ಲಿ ಕರಗುತ್ತಿರುವುದು ಹಸಿಮಡಕೆ. ಪೂರ್ವಾಶ್ರಯವನ್ನು ಕಳೆದೆವೆಂದು ಹೇಳಿಕೊಂಡವರು ಮತ್ತೆ ಜಾತಿಯ ಹೆಮ್ಮೆಗೆ ಇಳಿದರೆ ಅದೂ ಹಾಗೆಯೇ.

ಬಾಲ್ಕಿಯ ಕುಂಬಾರ ಗುಂಡಯ್ಯನವರ ಚರಿತ್ರೆಯನ್ನು ಹರಿಹರ ಕವಿಯು ರಗಳೆಯಲ್ಲಿ ಹಾಡಿದ್ದಾನೆ. ಮಡಕೆಯನ್ನು ಬಾರಿಸಿದ ಆ ಶರಣರ ನಾದಕ್ಕೆ ಶಿವನೇ ಒಲಿದು ಕುಣಿದನೆಂಬುದು ಅಲ್ಲಿಯ ಕಥೆ. ಬೆಂದ ಮಡಕೆಯಲ್ಲವೇ ಹಾಗೆ ನುಡಿಯಬಲ್ಲುದು! ಅವರ ಧರ್ಮಪತ್ನಿ ಕೇತಲದೇವಿಯವರು ತಮ್ಮ ವಚನದಲ್ಲಿ ಮಣ್ಣಿನ ಹದವನ್ನೇ ಎತ್ತಿಕೊಂಡು ವ್ರತನಿಷ್ಠೆಯನ್ನು ಬೋಧಿಸಿದ್ದಾರೆ. ಕಾಯಕದ ಮಣ್ಣೇ ಆ ದಂಪತಿಗಳಿಗೆ ಶಾಸ್ತ್ರವಾಯಿತು.

ಆದುದರಿಂದ, ಗೃಹಸ್ಥರೇ, ಮನೆಯಲ್ಲಿ ಕಷ್ಟದ ಕಾವೇರಿದಾಗ 'ಶಿವನು ನನ್ನನ್ನು ಸುಡುತ್ತಿದ್ದಾನೆ' ಎಂದು ಮರುಗದಿರಿ, ಬೇಯಿಸುತ್ತಿದ್ದಾನೆಂದು ತಿಳಿಯಿರಿ. ಮಕ್ಕಳನ್ನು ಬೈದು ಬಡಿದು ಅವಸರದಿಂದ ಉರಿಗೊಡ್ಡದಿರಿ. ಮೊದಲು ಪ್ರೀತಿಯ ನೆರಳಿನಲ್ಲಿ ಆರಲು ಬಿಡಿರಿ. ಇಂದು ರಾತ್ರಿ ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದಾಗ ನಿಮ್ಮನ್ನು ನೀವೇ ಒಮ್ಮೆ ಬಡಿದು ನೋಡಿಕೊಳ್ಳಿರಿ. ನಾದವು ಹೇಗಿದೆಯೆಂಬುದು ನಿಮಗೆ ತಿಳಿದೀತು.